38 ನಿಮಿಷದ ಮೌನ

ಸರ್ಕಾರದ ಕಡೆಯಿಂದಲೇ ಎಲ್ಲರ ಮೊಬೈಲ್‌ಗೆ ಒಂದು ತಪ್ಪು ಎಚ್ಚರಿಕೆ ಬಂದುಬಿಟ್ಟರೆ ಜನ ಏನು ಮಾಡ್ತಾರೆ? ಈ ಮಾತು ಬಂದಾಗೆಲ್ಲ ಯಾರಾದರೊಬ್ಬರು ಹೇಳಿಯೇ ಹೇಳ್ತಾರೆ: "ಅಯ್ಯೋ, ಕಾಲ್ತುಳಿತ ಆಗುತ್ತೆ ಸರ್. ನಮ್ಮ ಜನಕ್ಕೆ ಬುದ್ಧಿ ಎಲ್ಲಿದೆ?" ಕೇಳಿದರೆ ಮೈ ಉರಿಯುತ್ತೆ. ಇದು ಊಹೆ ಮಾಡಬೇಕಾದ ವಿಷಯವೇ ಅಲ್ಲ. ನಡೆದುಹೋಗಿದೆ, ದಾಖಲೆ ಇದೆ, ಓದಿದರೆ ತಲೆ ತಗ್ಗಿಸಬೇಕಾದವರು ಯಾರು ಅನ್ನೋದು ಗೊತ್ತಾಗುತ್ತೆ.

2018ರ ಜನವರಿ 13, ಶನಿವಾರ, ಅಮೆರಿಕದ ಹವಾಯಿ ರಾಜ್ಯ. ಬೆಳಿಗ್ಗೆ 8 ಗಂಟೆ 7 ನಿಮಿಷಕ್ಕೆ ದ್ವೀಪಗಳ ತುಂಬ ಮೊಬೈಲ್‌ಗಳು ಒಟ್ಟಿಗೆ ಅರಚಿಕೊಂಡವು. ಹವಾಯಿ ಕಡೆಗೆ ಕ್ಷಿಪಣಿ ಬರುತ್ತಿದೆ, ತಕ್ಷಣ ಸುರಕ್ಷಿತ ಜಾಗ ಸೇರಿಕೊಳ್ಳಿ, ಇದು ತಾಲೀಮು ಅಲ್ಲ. ಆರು ವಾರದ ಹಿಂದಷ್ಟೇ ಅಲ್ಲಿ ಶೀತಲ ಸಮರದ ಕಾಲದ ನಂತರ ಮೊದಲ ಸಲ ಅಣುದಾಳಿಯ ಸೈರನ್ ಪರೀಕ್ಷೆ ಮಾಡಿದ್ದರು. ಉತ್ತರ ಕೊರಿಯಾದಿಂದ ಹೊರಟ ಕ್ಷಿಪಣಿ ಅಲ್ಲಿಗೆ ಮುಟ್ಟಲು ಸುಮಾರು 20 ನಿಮಿಷ ಸಾಕು ಅನ್ನೋದು ಆಗಿನ ದಿನನಿತ್ಯದ ಸುದ್ದಿ. ಅಂಥ ಹೊತ್ತಲ್ಲಿ ಸುಮಾರು 14 ಲಕ್ಷ ಜನರಿರುವ ರಾಜ್ಯಕ್ಕೆ ಈ ಮೆಸೇಜ್.

ಏನು ಮಾಡಿದರು? ಮಕ್ಕಳಿಗೆ, ಅಪ್ಪ ಅಮ್ಮಂದಿರಿಗೆ ಫೋನ್ ಹಚ್ಚಿದರು. ಸ್ನಾನದ ತೊಟ್ಟಿಯಲ್ಲಿ ಹೆಂಡತಿ ಮಕ್ಕಳ ಜತೆ ಕೂತು ಮೇಲೆ ಹಾಸಿಗೆ ಎಳೆದುಕೊಂಡರು. ರಸ್ತೆಬದಿಯ ಚರಂಡಿಯ ಮುಚ್ಚಳ ತೆಗೆದು ಪುಟ್ಟ ಮಕ್ಕಳನ್ನು ಒಳಗೆ ಇಳಿಸಿದ ವಿಡಿಯೋ ಇವತ್ತಿಗೂ ಸಿಗುತ್ತೆ, ಅದನ್ನು ಎರಡನೇ ಸಲ ನೋಡಲು ನನಗೆ ಆಗಲಿಲ್ಲ. ಯೂನಿವರ್ಸಿಟಿ ಹುಡುಗರು ಗಟ್ಟಿ ಕಟ್ಟಡ ಹುಡುಕಿಕೊಂಡು ಓಡಿದರು. ಬರೋದು ಬರಲಿ ಅಂತ ಕೂತ ಜಾಗದಲ್ಲೇ ಕೂತವರೂ ಇದ್ದರು. ಎಲ್ಲಕ್ಕಿಂತ ಮುಖ್ಯವಾಗಿ, ಜನ ಪ್ರಶ್ನೆ ಕೇಳಿದರು. ಸೈರನ್ ಯಾಕೆ ಕೂಗ್ತಿಲ್ಲ? ನಿಮಗೂ ಬಂತಾ? ಟಿವಿಯಲ್ಲಿ ಏನು ಹೇಳ್ತಿದ್ದಾರೆ? ಆ ದಿನದ ಟ್ವೀಟ್‌ಗಳನ್ನು ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಆಮೇಲೆ ಅಧ್ಯಯನ ಮಾಡಿತು. ಎಚ್ಚರಿಕೆ ತಪ್ಪು ಅನ್ನುವ ಮೆಸೇಜ್ ಬರುವ ತನಕದ 38 ನಿಮಿಷ ಜನ ಮಾಡಿದ್ದು ಸುದ್ದಿಯನ್ನು ಅರ್ಥಮಾಡಿಕೊಳ್ಳುವ, ಹಂಚುವ, ನಿಜವೋ ಸುಳ್ಳೋ ಅಂತ ತಾಳೆ ನೋಡುವ ಕೆಲಸ. ಭಯವೂ ಇತ್ತು, ಇರದೆ ಏನು? ಸುಳ್ಳು ಅಂತ ಗೊತ್ತಾದ ಮೇಲೆ ಬಂದದ್ದು ಸಿಟ್ಟು, ಮತ್ತು ಅಧಿಕಾರಿಗಳ ಮೇಲೆ ಅಪನಂಬಿಕೆ.

ಇನ್ನು ಆ ಎಚ್ಚರಿಕೆ ಕಳಿಸಿದ ರಾಜ್ಯದ ತುರ್ತು ನಿರ್ವಹಣಾ ಕಚೇರಿಯ ಒಳಗೆ ನಡೆದದ್ದು ನೋಡಿ. ರಾತ್ರಿ ಪಾಳಿ ಮುಗಿದು ಹಗಲು ಪಾಳಿ ಶುರುವಾಗುವ ಹೊತ್ತಿಗೆ ರಾತ್ರಿಯ ಮೇಲ್ವಿಚಾರಕರು ಒಂದು ತಾಲೀಮು ಇಟ್ಟರು. ಹಗಲಿನ ಮೇಲ್ವಿಚಾರಕರು ಅದು ರಾತ್ರಿಯವರಿಗೆ ಮಾತ್ರ ಅಂದುಕೊಂಡರು. ತಾಲೀಮಿನ ಧ್ವನಿಮುದ್ರಣದಲ್ಲಿ "ಇದು ಅಭ್ಯಾಸ" ಅನ್ನುವ ಮಾತೂ ಇತ್ತು, "ಇದು ತಾಲೀಮು ಅಲ್ಲ" ಅನ್ನುವ ಮಾತೂ ಇತ್ತು. ಒಬ್ಬ ನೌಕರ ಎರಡನೆಯದನ್ನು ನಂಬಿದ. ಕಂಪ್ಯೂಟರ್ ಮೆನುವಿನಲ್ಲಿ ನಿಜವಾದ ಎಚ್ಚರಿಕೆ ಆಯ್ಕೆ ಮಾಡಿದ. ಖಚಿತವಾಗಿ ಕಳಿಸಬೇಕಾ ಅಂತ ಯಂತ್ರ ಕೇಳಿತು. ಹೌದು ಅಂದ. ಮುಗೀತು. ಇನ್ನೊಬ್ಬರ ಒಪ್ಪಿಗೆ ಬೇಕು ಅನ್ನುವ ನಿಯಮವೇ ಅಲ್ಲಿರಲಿಲ್ಲ.

ಆ ನೌಕರನನ್ನು ಕೆಲಸದಿಂದ ತೆಗೆದರು, ಸಂಸ್ಥೆಯ ಮುಖ್ಯಸ್ಥರು ರಾಜೀನಾಮೆ ಕೊಟ್ಟರು. ನನ್ನ ತಕರಾರು ಕ್ಲಿಕ್ ಮಾಡಿದವನ ಬಗ್ಗೆ ಅಲ್ಲ. ಮನುಷ್ಯರ ಕೈಲಿ ತಪ್ಪಾಗುತ್ತೆ, ಅದೂ ಪಾಳಿ ಬದಲಾಗುವ ಹೊತ್ತಲ್ಲಿ. 8 ಗಂಟೆ 9 ನಿಮಿಷಕ್ಕೇ ಇದು ಸುಳ್ಳು ಅಂತ ರಾಜ್ಯಪಾಲ ಡೇವಿಡ್ ಈಗೆ ಅವರಿಗೆ ತಿಳಿದಿತ್ತು. ಅವರ ಟ್ವೀಟ್ ಬಂದದ್ದು 8:24ಕ್ಕೆ. ಟ್ವಿಟರ್ ಖಾತೆಯ ಲಾಗಿನ್ ತನಗೆ ಗೊತ್ತಿರಲಿಲ್ಲ ಅಂತ ಆಮೇಲೆ ಅವರೇ ಹೇಳಿದರು. ಕಚೇರಿಯವರು ಕೆಲವೇ ನಿಮಿಷದಲ್ಲಿ ಎಚ್ಚರಿಕೆಯನ್ನು ರದ್ದು ಮಾಡಿದ್ದರು, ನಿಜ. ಆದರೆ ರದ್ದು ಮಾಡಿದರೆ ಇನ್ನೂ ತಲುಪದ ಫೋನ್‌ಗಳಿಗೆ ಹೋಗೋದು ನಿಲ್ಲುತ್ತೆ ಅಷ್ಟೇ, ಈಗಾಗಲೇ ಓದಿ ಚರಂಡಿಗೆ ಇಳಿದವರಿಗೆ ಏನೂ ತಿಳಿಯೋದಿಲ್ಲ. "ತಪ್ಪಾಗಿದೆ, ಅಪಾಯ ಇಲ್ಲ" ಅನ್ನುವ ಮೆಸೇಜಿನ ಮಾದರಿಯನ್ನೇ ಯಾರೂ ಬರೆದಿಟ್ಟಿರಲಿಲ್ಲ. ಅದನ್ನು ಕಳಿಸಬಹುದೇ ಅಂತ ಕೇಂದ್ರದ ವಿಪತ್ತು ಸಂಸ್ಥೆಗೆ ಫೋನ್ ಮಾಡಿ ವಿಚಾರಿಸಿದರು. ಮೊಬೈಲ್‌ಗೆ ತಿದ್ದುಪಡಿ ಹೋದಾಗ 8:45.

ಕ್ಷಿಪಣಿ ಬರೋದೇ ಆಗಿದ್ದರೆ ಎಷ್ಟೋ ಹೊತ್ತಿಗೆ ಮುಂಚೆಯೇ ಬಿದ್ದಾಗಿರುತ್ತಿತ್ತು. ಮಕ್ಕಳನ್ನು ತಬ್ಬಿಕೊಂಡು ಕೂತವರು ಅಷ್ಟೂ ಹೊತ್ತು ಹಾಗೇ ಕೂತಿದ್ದರು. ಇದನ್ನು ಕ್ಷಮಿಸೋಕೆ ನನ್ನ ಕೈಲಿ ಆಗಲ್ಲ.

ಎರಡು ವರ್ಷ ಕಳೆದು ಕೆನಡಾದ ಒಂಟಾರಿಯೊದಲ್ಲಿ ಹೆಚ್ಚೂಕಡಿಮೆ ಇದೇ ಮರುಕಳಿಸಿತು. 2020ರ ಜನವರಿ 12, ಭಾನುವಾರ ಬೆಳಿಗ್ಗೆ 7:23ಕ್ಕೆ ಪಿಕರಿಂಗ್ ಅಣುಸ್ಥಾವರದಲ್ಲಿ ಘಟನೆ ಅಂತ ಇಡೀ ಪ್ರಾಂತ್ಯಕ್ಕೆ ಮೆಸೇಜ್. ಪರೀಕ್ಷೆಯ ವ್ಯವಸ್ಥೆಯಲ್ಲಿದ್ದೇನೆ ಅಂದುಕೊಂಡ ಅಧಿಕಾರಿ ನಿಜವಾದ ವ್ಯವಸ್ಥೆಯಲ್ಲಿದ್ದರು. ಅದು ತಪ್ಪು ಅನ್ನುವ ಎರಡನೇ ಮೆಸೇಜ್ ಮೊಬೈಲ್‌ಗೆ ಬರಲು 108 ನಿಮಿಷ ಬೇಕಾಯಿತು. ಟೊರಾಂಟೊ ಸುತ್ತಮುತ್ತ ನಮ್ಮ ಕನ್ನಡದವರೂ ಬೇಕಾದಷ್ಟು ಜನ ಇದ್ದಾರೆ, ಅವರ ಫೋನ್‌ಗಳೂ ಅವತ್ತು ಕೂಗಿದವು. ಅಲ್ಲಿಯ ಜನ ಮಾಡಿದ್ದನ್ನು ಕೇಳಿ: ವಿಕಿರಣದಿಂದ ಥೈರಾಯ್ಡ್ ಗ್ರಂಥಿಯನ್ನು ಕಾಪಾಡುವ ಅಯೋಡೈಡ್ ಮಾತ್ರೆಗೆ ಎರಡೇ ದಿನದಲ್ಲಿ 32,000ಕ್ಕೂ ಹೆಚ್ಚು ಬೇಡಿಕೆ ಸಲ್ಲಿಸಿದರು. ಸ್ಥಾವರದ ಹತ್ತಿರ ಇರುವವರು ಮೊದಲೇ ಮಾಡಿಟ್ಟುಕೊಳ್ಳಬೇಕಿದ್ದ ಕೆಲಸ ಅದು. ಇಂಥವರನ್ನು ಬುದ್ಧಿ ಇಲ್ಲದವರು ಅನ್ನಬೇಕಾ?

ನಮ್ಮಲ್ಲಿ 2023ರ ಅಕ್ಟೋಬರ್ 12ರಂದು ಕರ್ನಾಟಕದ ಫೋನ್‌ಗಳಿಗೆಲ್ಲ ಕೇಂದ್ರದ ದೂರಸಂಪರ್ಕ ಇಲಾಖೆ ಪರೀಕ್ಷಾ ಸಂದೇಶ ಕಳಿಸಿತ್ತಲ್ಲ, ಆಗ ನಾನು ತರಕಾರಿ ಅಂಗಡಿ ಮುಂದೆ ನಿಂತಿದ್ದೆ. ಅಷ್ಟೂ ಜನರ ಜೇಬು, ಬ್ಯಾಗು ಒಮ್ಮೆಲೇ ಕಿರುಚಿದವು. ಅಂಗಡಿ ಹುಡುಗ ಫೋನನ್ನು ಟೊಮೆಟೊ ಕ್ರೇಟಿನ ಮೇಲೆ ಎಸೆದು ಹಿಂದೆ ಸರಿದ. "ಅಕ್ಕಾ, ಬ್ಲಾಸ್ಟ್ ಆಗ್ತದಾ ಇದು?" ಪಕ್ಕದಲ್ಲಿದ್ದ ಹೆಂಗಸು ಕನ್ನಡಕ ಏರಿಸಿಕೊಂಡು ತಮ್ಮ ಫೋನ್ ಓದಿದರು. "ಇಲ್ಲ ಕಣಪ್ಪ, ಟೆಸ್ಟಿಂಗ್ ಅಂತೆ. ಏನೂ ಮಾಡಬೇಡಿ ಅಂತ ಬರೆದಿದಾರೆ." ಅವನು ನಂಬಿದ್ದು ಫೋನನ್ನಲ್ಲ, ಆ ಅಕ್ಕನನ್ನು. ನಾವೆಲ್ಲ ಹಾಗೇ.

ಹೀಗೆ ಹತ್ತಿರದವರನ್ನು ನಂಬೋದರಲ್ಲಿ ಅಪಾಯವೂ ಇದೆ. 2012ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿದ್ದ ಈಶಾನ್ಯದ ಹುಡುಗ ಹುಡುಗಿಯರು ತಮ್ಮ ಮೇಲೆ ದಾಳಿ ಆಗುತ್ತೆ ಅನ್ನುವ ಎಸ್ಸೆಮ್ಮೆಸ್ ವದಂತಿಗೆ ಹೆದರಿ ಸಾವಿರಗಟ್ಟಲೆ ಗುವಾಹಟಿ ರೈಲು ಹತ್ತಿದರು. ಮಂತ್ರಿಗಳೇ ಸ್ಟೇಷನ್‌ಗೆ ಹೋಗಿ ಧೈರ್ಯ ಹೇಳಿದರೂ ಎಷ್ಟೋ ಮಂದಿ ನಿಲ್ಲಲಿಲ್ಲ. ಊರಿಂದ ಅಮ್ಮ ಫೋನ್ ಮಾಡಿ "ಬಂದುಬಿಡು" ಅಂದಮೇಲೆ ಮಂತ್ರಿ ಮಾತಿಗೆ ಏನು ಬೆಲೆ? ಅವರನ್ನು ನಾನು ತಪ್ಪು ಅನ್ನಲಾರೆ.

ಈಗ ತುಂಗಭದ್ರೆಯನ್ನು ನೆನೆಸಿಕೊಳ್ಳಿ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಯಿತು. ನದಿಪಾತ್ರದ ಊರುಗಳಿಗೆ ಕೊಟ್ಟ ಎಚ್ಚರಿಕೆ ನಿಜವಾದದ್ದು. ಮುಂದೊಂದು ರಾತ್ರಿ ಯಾರದೋ ಕೈತಪ್ಪಿನಿಂದ "ಡ್ಯಾಂ ಒಡೆದಿದೆ" ಅಂತ ಕಂಪ್ಲಿ, ಗಂಗಾವತಿ ಕಡೆ ಮೆಸೇಜ್ ಹೋದರೆ? ಜನ ಮೊದಲು ಹೊಸಪೇಟೆಗೆ ಫೋನ್ ಹಚ್ಚುತ್ತಾರೆ. "ಮಾಮಾ, ಡ್ಯಾಮಿನ ಕಡೆ ಏನಾಗೇತಿ?" ಮಾಮ ಫೋನ್ ಎತ್ತಿದರೆ ಸರಿ. ಎಲ್ಲರೂ ಒಟ್ಟಿಗೆ ಫೋನ್ ಮಾಡಿ ಲೈನ್ ಸಿಗದೇ ಹೋದರೆ, ಆ ಕತ್ತಲಲ್ಲಿ ದನಕರು ಬಿಚ್ಚಿ, ಮುದುಕರನ್ನು ಟ್ರ್ಯಾಕ್ಟರಿಗೆ ಹತ್ತಿಸಿ ಹೊರಟ ಜನಕ್ಕೆ "ಸುಳ್ಳು, ವಾಪಸ್ ಬನ್ನಿ" ಅಂತ ಹೇಳಬೇಕಾದವರು ಯಾರು, ಎಷ್ಟು ನಿಮಿಷದಲ್ಲಿ, ಯಾವ ಮಾತಿನಲ್ಲಿ?

ತಪ್ಪಾಗುತ್ತೆ ಅಂತ ಎಚ್ಚರಿಕೆಯನ್ನೇ ಕಳಿಸದೆ ಕೂರೋದು ಇದಕ್ಕಿಂತ ಘೋರ. 2025ರ ಜನವರಿಯ ಬೆಂಕಿಯಲ್ಲಿ ಲಾಸ್ ಏಂಜಲೀಸ್ ಕೌಂಟಿ ಒಂದು ಸಣ್ಣ ಪ್ರದೇಶಕ್ಕೆ ಹೋಗಬೇಕಿದ್ದ "ಮನೆ ಬಿಡಲು ಸಿದ್ಧರಾಗಿ" ಮೆಸೇಜನ್ನು ಸುಮಾರು ಒಂದು ಕೋಟಿ ಜನಕ್ಕೆ ಕಳಿಸಿತು. ಅದು ದೊಡ್ಡ ಸುದ್ದಿಯಾಯಿತು. ಆದರೆ ಅದೇ ವಾರ ಅದೇ ಕೌಂಟಿಯ ಪಶ್ಚಿಮ ಆಲ್ಟಡೀನಾಕ್ಕೆ ಮನೆ ಬಿಡುವ ಆದೇಶ ಹೋಗಲು ಬೆಂಕಿ ಹೊತ್ತಿಕೊಂಡು ಗಂಟೆಗಟ್ಟಲೆ ತಡವಾಗಿತ್ತು, ಆ ಬೆಂಕಿಯಲ್ಲಿ ಸತ್ತವರಲ್ಲಿ ಬಹುಪಾಲು ಅಲ್ಲಿಯವರೇ. ಹಾಗಾಗಿ ದಯವಿಟ್ಟು ಫೋನ್ ಸೆಟ್ಟಿಂಗ್‌ನಲ್ಲಿ ಈ ಎಚ್ಚರಿಕೆಗಳನ್ನು ಆಫ್ ಮಾಡಿಟ್ಟುಕೊಳ್ಳಬೇಡಿ.

ಸರ್ಕಾರದವರಲ್ಲಿ ನನ್ನದೊಂದು ಕೇಳಿಕೆ. ಮುಂದಿನ ಸಲ ಪರೀಕ್ಷೆ ಮಾಡುವಾಗ ಎರಡು ಮೆಸೇಜ್ ಕಳಿಸಿ, ಎಚ್ಚರಿಕೆ ಒಂದು, ಅದು ತಪ್ಪು ಅನ್ನುವ ತಿದ್ದುಪಡಿ ಇನ್ನೊಂದು. ಎರಡೂ ಅದೇ ಸದ್ದಿನಲ್ಲಿ, ಅದೇ ಪರದೆಯ ಮೇಲೆ, ಹಳ್ಳಿಯ ಅಜ್ಜಿಗೂ ತಿಳಿಯುವ ಕನ್ನಡದಲ್ಲಿ ಬರಲಿ. ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವೆ ಎಷ್ಟು ನಿಮಿಷ ಹಿಡಿಯಿತು ಅನ್ನೋದನ್ನು ಜಿಲ್ಲೆವಾರು ಪ್ರಕಟ ಮಾಡಿ.