ಒಂದೇ ಅಳತೆ ಎಲ್ಲ ಕ್ರ್ಯಾಂಕಿಗೂ ಆಗದು
ಹಳೆಯ ಮೌಂಟನ್ ಬೈಕಿನ ಮೂರು ಹಲ್ಲುಚಕ್ರದ (ಚೈನ್‌ರಿಂಗಿನ) ಕ್ರ್ಯಾಂಕಿಗೆ, ಅಂದರೆ ಪೆಡಲ್ ತೋಳಿಗೆ, 122.5 ಮಿ.ಮೀ. ಉದ್ದದ ಆ್ಯಕ್ಸಲ್ (ಎರಡೂ ಕ್ರ್ಯಾಂಕ್ ಜೋಡಿಸುವ ಅಚ್ಚು) ಸಾಕು ಎಂದು ಲೇಖನವೊಂದು ಹೇಳಿದೆ. ಆ ಮಾತು ಎಂಬತ್ತರ ದಶಕದ ಕ್ರ್ಯಾಂಕುಗಳ ಮಟ್ಟಿಗೆ ಬಹುತೇಕ ಸರಿ. ತೊಂಬತ್ತರ ದಶಕದಲ್ಲಿ ಬಂದ, ಗಿಡ್ಡ ಆ್ಯಕ್ಸಲಿಗೆಂದೇ ಮಾಡಿದ ಲೋ ಪ್ರೊಫೈಲ್ ಕ್ರ್ಯಾಂಕುಗಳಿಗೆ 107ರಿಂದ 113 ಸಾಕಾಗುತ್ತದೆ. ಅವಕ್ಕೆ 122.5 ಹಾಕಿದರೆ ಚೈನ್‌ಲೈನ್ (ಫ್ರೇಮಿನ ನಡುಗೆರೆಯಿಂದ ನಡುವಿನ ಚೈನ್‌ರಿಂಗಿಗಿರುವ ದೂರ) ಹೊರಗೆ ಸರಿಯುತ್ತದೆ. ಆಗ ದೇವಿಮನೆ ಘಟ್ಟ ಹತ್ತುವಾಗ ಬೇಕಾಗುವ ಸಣ್ಣ ಗೇರಿನಲ್ಲೇ ಚೈನ್ ಅತಿ ಓರೆಯಾಗುವುದು.

ಖರೀದಿಗೆ ಮುನ್ನ ಅಳೆದು ನೋಡಿ. ಸೀಟ್ ಟ್ಯೂಬಿನ (ಸೀಟಿನ ಕೆಳಗಿನ ಫ್ರೇಮ್ ಕೊಳವೆಯ) ಹೊರಮೈಯಿಂದ ನಡುವಿನ ಚೈನ್‌ರಿಂಗಿನ ಹಲ್ಲಿನವರೆಗಿನ ದೂರಕ್ಕೆ ಟ್ಯೂಬಿನ ಅರ್ಧ ವ್ಯಾಸ ಕೂಡಿಸಿ (28.6ರ ಟ್ಯೂಬಾದರೆ 14.3). ಮೊತ್ತ 47.5 ಮಿ.ಮೀ. ಆಸುಪಾಸು ಬರಬೇಕು. ಎರಡೂ ಬದಿ ಸಮವಿರುವ ಆ್ಯಕ್ಸಲಿನಲ್ಲಿ 5 ಮಿ.ಮೀ. ಉದ್ದ ಬದಲಿಸಿದರೆ ಚೈನ್‌ಲೈನ್ ಸರಿಯುವುದು ಎರಡೂವರೆ ಮಾತ್ರ; ಇಲ್ಲೇ ಹೆಚ್ಚಿನವರ ಲೆಕ್ಕ ತಪ್ಪುವುದು.

ಲೇಖನ ಬಿಟ್ಟ ಮುಖ್ಯ ವಿಷಯ: ಆ್ಯಕ್ಸಲಿನ ಚೌಕ ತುದಿಯಲ್ಲಿ ಜಿಸ್ (ಜಪಾನಿ ಮಾನಕ), ಐಸೊ (ಅಂತರರಾಷ್ಟ್ರೀಯ ಮಾನಕ) ಎಂದು ಎರಡು ಬಗೆ. ಐಸೊ ಕ್ರ್ಯಾಂಕನ್ನು ಜಿಸ್ ಆ್ಯಕ್ಸಲಿಗೆ ಹಾಕಿದರೆ ಸುಮಾರು 4-5 ಮಿ.ಮೀ. ಹೊರಗೇ ನಿಲ್ಲುತ್ತದೆ. ಬೋಲ್ಟ್ ಬಿಗಿದು ಒಳಗೆ ತಳ್ಳಲು ಹೋಗಬೇಡಿ, ಅಲ್ಯೂಮಿನಿಯಂ ಸೀಳುತ್ತದೆ. ಆ್ಯಕ್ಸಲ್ ಕೂರುವ ಫ್ರೇಮಿನ ಕೊಳವೆ, ಅಂದರೆ ಶೆಲ್, 68 ಮಿ.ಮೀ. ಅಗಲದ್ದೋ 73ರದ್ದೋ ಎಂಬುದನ್ನೂ ನೋಡಿಕೊಳ್ಳಿ.

ಕಾರವಾರದ ಉಪ್ಪುಗಾಳಿಗೆ ಶೆಲ್ಲಿನೊಳಗೆ ತಿರುಪಿ ಕೂರಿಸುವ ಕಪ್ ಬಿಗಿಯಾಗಿ ಹಿಡಿದುಬಿಡುತ್ತದೆ. ಥ್ರೆಡ್ಡಿಗೆ ಗ್ರೀಸ್ ಧಾರಾಳವಾಗಿ ಹಚ್ಚಿ. ಬಿಚ್ಚುವಾಗ ನೆನಪಿರಲಿ, ಬಿಎಸ್ಎ (ಇಂಗ್ಲಿಷ್ ಥ್ರೆಡ್) ಶೆಲ್ಲಿನಲ್ಲಿ ಚೈನ್ ಬದಿಯದು ಎಡಥ್ರೆಡ್, ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತದೆ.