ಬಿಎ ಎಕನಾಮಿಕ್ಸ್ ಸರಿ, ಗಣಿತ ಎಲ್ಲಿ ಬಿಟ್ಟಿ?

ಹೋದ ಭಾನುವಾರ ಅಕ್ಕ, ಭಾವ ಆಳಂದ ಕಡೆಯ ಊರಿಂದ ಕಲಬುರಗಿಗೆ ಬಂದಿದ್ದರು. ಜೊತೆಗೆ ಮಗಳು. ಸೆಕೆಂಡ್ ಪಿಯುಸಿ ಆರ್ಟ್ಸ್‌ನಲ್ಲಿ ಒಳ್ಳೆ ಮಾರ್ಕ್ಸ್ ತೆಗೆದಿದ್ದಾಳೆ. ಸುಸಲಾ ತಿನ್ನುತ್ತಾ ಭಾವ ಶುರು ಮಾಡಿದರು. "ನೀವಾರ ಹೇಳ್ರಿ. ಎಕನಾಮಿಕ್ಸ್ ಓದ್ತೀನಂತಾಳ ಇಕಿ. ಬಿಎ ಆದಮ್ಯಾಲ ಬಿಎಡ್ ಮಾಡ್ಸಿದ್ರ ಟೀಚರಾದ್ರೂ ಆಗ್ತಾಳ."

"ಬಿಎಡ್ ಅಲ್ಲ ಮಾಮಾ. ಎಂಎ ಮಾಡಿ ಪಿಎಚ್‌ಡಿ ಮಾಡ್ಬೇಕಂತೀನಿ" ಅಂದಳು ಹುಡುಗಿ.

ನನಗೆ ಖುಷಿಯಾಯಿತು. ಆದರೂ ಕೇಳಿದೆ, "ಗಣಿತ ಎಲ್ಲಿ ಬಿಟ್ಟಿ?"

"ಎಸ್ಸೆಸ್ಸೆಲ್ಸಿಗೇ. ಅದು ಬ್ಯಾಡಂತನೇ ಆರ್ಟ್ಸ್ ತಗೊಂಡೆ."

ಇಪ್ಪತ್ತು ವರ್ಷದ ಹಿಂದೆ ನಾನು ಹೇಳಿದ್ದೂ ಇದೇ ಮಾತು. ಆಮೇಲೆ ಏನಾಯಿತು ಅಂತ ನನಗೆ ಗೊತ್ತು. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಮ್ಮ ಕಾಲಕ್ಕೆ ಎಕನಾಮಿಕ್ಸ್ ಅಂದರೆ 'ಸ್ಕೋರಿಂಗ್ ಸಬ್ಜೆಕ್ಟ್'. ಹಿಸ್ಟರಿ, ಎಕನಾಮಿಕ್ಸ್, ಪೊಲಿಟಿಕಲ್ ಸೈನ್ಸ್ ತೆಗೆದುಕೊಂಡರೆ ಕೆಎಎಸ್‌ಗೂ ಅನುಕೂಲ ಅಂತ ಎಲ್ಲರೂ ಹೇಳುತ್ತಿದ್ದರು. ಸರ್ ನೋಟ್ಸ್ ಬರೆಸುತ್ತಿದ್ದರು: ಅರ್ಥ, ವ್ಯಾಖ್ಯೆ, ಲಕ್ಷಣ, ಗುಣ, ದೋಷ. ನಾವು ಬಾಯಿಪಾಠ ಮಾಡುತ್ತಿದ್ದೆವು. ಫಸ್ಟ್ ಕ್ಲಾಸ್ ಬಂತು, ಊರಲ್ಲಿ ಪೇಢಾ ಹಂಚಿದರು. ಆ ಧೈರ್ಯದ ಮೇಲೆ ಹೊರಗಿನ ಒಂದು ಸಂಸ್ಥೆಯ ಎಂಎ ಪ್ರವೇಶ ಪರೀಕ್ಷೆಗೆ ಅರ್ಜಿ ಹಾಕಿ, ರಾತ್ರಿ ಟ್ರೇನ್ ಹಿಡಿದು ಹೈದರಾಬಾದಿಗೆ ಹೋದೆ. ಬೇಡಿಕೆಯ ನಿಯಮ ವಿವರಿಸಿ ಅಂತ ಕೇಳುತ್ತಾರೆ ಅಂದುಕೊಂಡಿದ್ದೆ. ಪೇಪರ್ ತೆರೆದರೆ ಮೊದಲ ಪುಟದ ತುಂಬ ಮ್ಯಾಟ್ರಿಕ್ಸ್, ಡೆರಿವೇಟಿವ್, ಚೀಲದಲ್ಲಿ ಕೆಂಪು ಚೆಂಡು ಇಷ್ಟು, ನೀಲಿ ಚೆಂಡು ಇಷ್ಟು. ಬೇರೆ ಯಾವುದೋ ಸಬ್ಜೆಕ್ಟಿನ ಪೇಪರ್ ಕೊಟ್ಟಿದ್ದಾರೆ ಅಂತ ಎದ್ದು ನಿಂತು ಕೇಳಿಯೂಬಿಟ್ಟೆ. ಸೂಪರ್‌ವೈಸರ್ ಹೆಡ್ಡಿಂಗ್ ಮೇಲೆ ಬೆರಳಿಟ್ಟು ತೋರಿಸಿದರು. ಎಕನಾಮಿಕ್ಸ್ ಅಂತಲೇ ಇತ್ತು.

ಎಂಎ ಇಲ್ಲೇ ಮುಗಿಸಿದೆ. ಗುಲಬರ್ಗಾ ವಿಶ್ವವಿದ್ಯಾಲಯ 1980ರಲ್ಲಿ ಆಯಿತು. ನಮ್ಮಂಥ ಎಷ್ಟೋ ಹಳ್ಳಿ ಹುಡುಗರ ಕೈಗೆ ಎಂಎ ಸಿಕ್ಕಿದ್ದು ಅದರಿಂದಲೇ. ಅದನ್ನು ಹಗುರವಾಗಿ ಆಡುವವನಲ್ಲ ನಾನು. ಇಲ್ಲೇ ಓದೋದಾದರೆ ನಾಲ್ಕು ಕಡೆ ನೋಡಿ, ಬೇಕು ಅಂತ ಆರಿಸಿಕೊಂಡು ಓದಬೇಕು. ನನಗೆ ಬೇರೆ ಕಡೆ ಹೋಗೋಕೇ ಬರ್ತಿರಲಿಲ್ಲ. ಅದೂ ಹದಿನಾರು ವರ್ಷಕ್ಕೆ ಗೊತ್ತಿಲ್ಲದೆ ಮಾಡಿದ ಒಂದು ಆಯ್ಕೆಯಿಂದ.

"ರೊಕ್ಕದ ಶಾಸ್ತ್ರಕ್ಕ ಅಷ್ಟೆಲ್ಲಾ ಗಣಿತ ಯಾಕ್ರಿ?" ಅಂದರು ಭಾವ. ಅವರಿಗೆ ತೊಗರಿಯ ಲೆಕ್ಕದಲ್ಲೇ ಹೇಳಿದೆ.

ಒಂದು ವರ್ಷ ಗಂಜ್ ಮಾರ್ಕೆಟ್ಟಿನಲ್ಲಿ ತೊಗರಿಗೆ ಭಾರೀ ರೇಟು ಬರುತ್ತದೆ. ಮರುವರ್ಷ ಎಲ್ಲರೂ ತೊಗರಿಯನ್ನೇ ಬಿತ್ತುತ್ತಾರೆ. ಮಾಲು ಜಾಸ್ತಿಯಾಗಿ ರೇಟು ಬೀಳುತ್ತದೆ. ಅದರ ಮರುವರ್ಷ ಎಷ್ಟೋ ಜನ ಹತ್ತಿ, ಸೋಯಾ ಕಡೆ ತಿರುಗುತ್ತಾರೆ. ಮತ್ತೆ ರೇಟು ಏರುತ್ತದೆ. ಭಾವ ಇದನ್ನು ಮೂವತ್ತು ವರ್ಷದಿಂದ ಅನುಭವಿಸುತ್ತಿದ್ದಾರೆ. ಎಕನಾಮಿಕ್ಸ್‌ನಲ್ಲಿ ಇದಕ್ಕೆ ಕಾಬ್‌ವೆಬ್ ಮಾಡೆಲ್ ಅಂತಾರೆ. ಗ್ರಾಫ್ ಬರೆದರೆ ಜೇಡರ ಬಲೆಯ ಹಾಗೆ ಸುತ್ತುತ್ತದೆ, ಅದಕ್ಕೇ ಆ ಹೆಸರು. ನಾವು ಆ ಚಿತ್ರವನ್ನು ಸ್ಕೇಲು ಹಿಡಿದು ಚಂದ ಬರೆದು ಮಾರ್ಕ್ಸ್ ತೆಗೆದುಕೊಂಡಿದ್ದೆವು. ಆದರೆ ಈ ಸುತ್ತು ವರ್ಷದಿಂದ ವರ್ಷಕ್ಕೆ ಸಣ್ಣದಾಗಿ ನಿಲ್ಲುತ್ತದಾ, ಇಲ್ಲ ದೊಡ್ಡದಾಗುತ್ತಲೇ ಹೋಗುತ್ತದಾ? ರೇಟು ನೂರು ರೂಪಾಯಿ ಏರಿದರೆ ರೈತ ಎಷ್ಟು ಜಾಸ್ತಿ ಬಿತ್ತುತ್ತಾನೆ, ತಿನ್ನುವವನು ಎಷ್ಟು ಕಡಿಮೆ ಕೊಳ್ಳುತ್ತಾನೆ, ಇವೆರಡನ್ನೂ ಪಕ್ಕ ಪಕ್ಕ ಇಟ್ಟು ನೋಡಬೇಕು. ರೈತನದು ದೊಡ್ಡದಿದ್ದರೆ ಏರಿಳಿತ ಬೆಳೆಯುತ್ತಲೇ ಹೋಗುತ್ತದೆ. ಬೇಳೆ ಇಲ್ಲದೆ ಊಟ ಇಲ್ಲ, ಹಾಗಾಗಿ ತಿನ್ನುವವನು ಅಷ್ಟಾಗಿ ಕಡಿಮೆ ಮಾಡೋದಿಲ್ಲ. ಈ ಮಾತನ್ನು ಬಾಯಲ್ಲಿ ಹೇಳಬಹುದು, ನಾನೀಗ ಹೇಳಿದ ಹಾಗೆ. ಬರೆದು ತೋರಿಸೋಕೆ ಡೆರಿವೇಟಿವ್ (ಒಂದು ಬದಲಾದರೆ ಇನ್ನೊಂದು ಎಷ್ಟು ಬದಲಾಗುತ್ತದೆ ಅನ್ನೋ ಲೆಕ್ಕ) ಬೇಕು, ಡಿಫರೆನ್ಸ್ ಈಕ್ವೇಶನ್ (ಈ ವರ್ಷದ ರೇಟನ್ನು ಹೋದ ವರ್ಷದ ರೇಟಿಗೆ ಜೋಡಿಸುವ ಸಮೀಕರಣ) ಬೇಕು. ಇನ್ನು 2025-26ಕ್ಕೆ ಕ್ವಿಂಟಲ್‌ಗೆ 8,000 ರೂ. ಬೆಂಬಲ ಬೆಲೆ, ಮ್ಯಾನ್ಮಾರ್, ಮೊಜಾಂಬಿಕ್ ಕಡೆಯಿಂದ ಸುಂಕವಿಲ್ಲದೆ ಬರುವ ತೊಗರಿ, ಮಳೆ, ಇವುಗಳಲ್ಲಿ ಯಾವುದರಿಂದ ರೇಟು ಎಷ್ಟು ಅಲುಗಾಡಿತು ಅಂತ ಬಿಡಿಸಿ ಹೇಳಬೇಕಾದರೆ ಸ್ಟ್ಯಾಟಿಸ್ಟಿಕ್ಸ್ ಬೇಕೇ ಬೇಕು.

ಭಾವ ಪೂರ್ತಿ ಕೇಳಿ, "ಹಂಗಾರ ಮುಂದಿನ ವರ್ಷ ತೊಗರಿ ಹಾಕ್ಬೇಕೋ ಬ್ಯಾಡೋ ಹೇಳ್ರಿ" ಅಂದರು. ನಾನು ಸುಮ್ನೆ ಚಹಾ ಕುಡಿದೆ.

ಪ್ರಾದೇಶಿಕ ಅಸಮಾನತೆಯ ಬಗ್ಗೆ ಬಂದ ನಂಜುಂಡಪ್ಪ ವರದಿಯ ಹೆಸರು ನಮ್ಮ ಭಾಗದ ಪ್ರತಿ ಭಾಷಣದಲ್ಲೂ ಬರುತ್ತದೆ. ಡಿ.ಎಂ. ನಂಜುಂಡಪ್ಪ ಅರ್ಥಶಾಸ್ತ್ರಜ್ಞರು. 2002ರ ಆ ವರದಿ 35 ಸೂಚಕಗಳನ್ನು ಸೇರಿಸಿ ಒಂದು ಸೂಚ್ಯಂಕ ಕಟ್ಟಿ, ಅತ್ಯಂತ ಹಿಂದುಳಿದ 39 ತಾಲ್ಲೂಕುಗಳನ್ನು ಗುರುತಿಸಿತು. ಅದರಲ್ಲಿ 21 ನಮ್ಮ ಕಲಬುರಗಿ ವಿಭಾಗದವು. ಆ ಸೂಚ್ಯಂಕ ಹೇಗೆ ಕಟ್ಟಿದರು ಅಂತ ಬೋರ್ಡ್ ಮೇಲೆ ಬಿಡಿಸಿ ತೋರಿಸುವ ಹುಡುಗರು ನಮ್ಮಲ್ಲೇ ಜಾಸ್ತಿ ಇರಬೇಕಿತ್ತು, ಅಲ್ವಾ?

ಈಗ ವಿಷಯಕ್ಕೆ ಬರುತ್ತೇನೆ. ದಿಲ್ಲಿ ಸ್ಕೂಲ್ ಆಫ್ ಎಕನಾಮಿಕ್ಸ್, ಜೆಎನ್‌ಯು ಎಂಎಗೆ ಈಗ ಸಿಯುಇಟಿ ಪಿಜಿ, ಅಂದರೆ ದೇಶಕ್ಕೆಲ್ಲ ಒಂದೇ ಆಗಿ ನಡೆಯುವ ಪ್ರವೇಶ ಪರೀಕ್ಷೆ ಬರೆಯಬೇಕು. ಅದರಲ್ಲಿ ಗಣಿತ, ಸ್ಟ್ಯಾಟಿಸ್ಟಿಕ್ಸ್ ಇದ್ದೇ ಇದೆ. ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನ ಎಂಎಸ್‌ಕ್ಯೂಇ (ಎಕನಾಮಿಕ್ಸ್‌ನದೇ ಮಾಸ್ಟರ್ಸ್) ಕೋರ್ಸಿಗೆ ಬೇರೆ ಪರೀಕ್ಷೆ. ಎರಡು ಪೇಪರ್, ಅದರಲ್ಲೊಂದು ಪೂರ್ತಿ ಗಣಿತ. ಸೀಟು ಸಿಕ್ಕರೆ ಸ್ಟೈಪೆಂಡ್ ಸಿಗುತ್ತದೆ, ಬಡವರ ಮನೆಯವರು ಇದನ್ನು ನೋಡಲೇಬೇಕು. ಮುಂಬೈಯಲ್ಲಿ ರಿಸರ್ವ್ ಬ್ಯಾಂಕ್ 1987ರಲ್ಲಿ ಕಟ್ಟಿದ ಇಂದಿರಾ ಗಾಂಧಿ ಸಂಸ್ಥೆಯಲ್ಲಿ ಎಂಎಸ್ಸಿ ಇದೆ. ಕೆಲವು ಕಡೆ ಪಿಯುಸಿಯಲ್ಲಿ ಗಣಿತ ಓದಿರಬೇಕು ಎಂಬ ಷರತ್ತೇ ಇರುತ್ತದೆ. ದಿಲ್ಲಿ ವಿಶ್ವವಿದ್ಯಾಲಯದ ಬಿಎ ಆನರ್ಸ್ ಎಕನಾಮಿಕ್ಸ್‌ಗೂ ಡಿಗ್ರಿ ಪ್ರವೇಶದ ಸಿಯುಇಟಿಯಲ್ಲಿ ಗಣಿತ ಬರೆಯಲೇಬೇಕು. ನಮ್ಮ ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡುವ 371(ಜೆ) ಸರ್ಟಿಫಿಕೇಟು ಅಲ್ಲಿ ನಡೆಯೋದಿಲ್ಲ. ಅದು ರಾಜ್ಯದ ಸೀಟು, ರಾಜ್ಯದ ನೌಕರಿಗೆ.

ಇನ್ನೊಂದು ತೊಡಕು ಭಾಷೆ. ಸಿಯುಇಟಿ ಪಿಜಿ ಎಕನಾಮಿಕ್ಸ್ ಪೇಪರ್ ಇಂಗ್ಲಿಷ್, ಹಿಂದಿಯಲ್ಲಿ ಇರುತ್ತದೆ, ಕನ್ನಡದಲ್ಲಿ ಇಲ್ಲ. 'ಸೀಮಾಂತ ತುಷ್ಟಿಗುಣ' ಅಂತ ಓದಿದ ಹುಡುಗಿ ಅಲ್ಲಿ 'ಮಾರ್ಜಿನಲ್ ಯುಟಿಲಿಟಿ' ನೋಡಿ ಗಾಬರಿಯಾಗುತ್ತಾಳೆ. ವಿಷಯ ಅವಳಿಗೆ ಗೊತ್ತಿರುತ್ತದೆ, ಹೆಸರು ಗೊತ್ತಿರೋದಿಲ್ಲ. ಮೊದಲ ವರ್ಷದಿಂದಲೇ ಒಂದು ನೋಟ್‌ಬುಕ್ಕಿನಲ್ಲಿ ಎರಡೂ ಹೆಸರು ಪಕ್ಕ ಪಕ್ಕ ಬರೆದುಕೊಳ್ಳೋಕೆ ಹೇಳಿದ್ದೇನೆ. (ಸ್ಥಿತಿಸ್ಥಾಪಕತ್ವ ಅನ್ನೋ ಪದಕ್ಕಿಂತ ಇಲಾಸ್ಟಿಸಿಟಿ ಸುಲಭ ಅಂತ ನನಗೆ ಈಗಲೂ ಅನಿಸುತ್ತದೆ. ಕನ್ನಡಾಭಿಮಾನಿಗಳು ಕ್ಷಮಿಸಿ.)

ಮೂರು ವರ್ಷವೋ ನಾಲ್ಕು ವರ್ಷವೋ ಅಂತ ಎಲ್ಲರೂ ತಲೆ ಕೆಡಿಸಿಕೊಂಡಿದ್ದಾರೆ. 2021ರಲ್ಲಿ ನಮ್ಮ ರಾಜ್ಯದಲ್ಲಿ ನಾಲ್ಕು ವರ್ಷದ ಡಿಗ್ರಿ ತಂದರು, 2024-25ರಿಂದ ಮತ್ತೆ ಮೂರು ವರ್ಷ. ಕೇಂದ್ರೀಯ ವಿಶ್ವವಿದ್ಯಾಲಯಗಳಲ್ಲಿ ನಾಲ್ಕರದ್ದು ನಡೆದಿದೆ. ಮೂರು ಪ್ಲಸ್ ಎರಡು ಅಂದರೂ ಐದು, ನಾಲ್ಕು ಪ್ಲಸ್ ಒಂದು ಅಂದರೂ ಐದು. ನಾಲ್ಕು ವರ್ಷದ ಡಿಗ್ರಿಯಲ್ಲಿ 75 ಪರ್ಸೆಂಟ್ ಬಂದರೆ ನೇರ ಪಿಎಚ್‌ಡಿಗೆ ಅರ್ಜಿ ಹಾಕಬಹುದು ಅನ್ನೋದು ಒಂದೇ ದೊಡ್ಡ ವ್ಯತ್ಯಾಸ. ನನ್ನನ್ನು ಕೇಳಿದರೆ ಎಷ್ಟು ವರ್ಷ ಅನ್ನೋದಕ್ಕಿಂತ ಜೊತೆಗೆ ಯಾವ ಸಬ್ಜೆಕ್ಟ್ ಅನ್ನೋದು ಮುಖ್ಯ. ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯ ಇವಳ ಊರಿಗೆ ಹತ್ತಿರ, ಎಕನಾಮಿಕ್ಸ್ ವಿಭಾಗವೂ ಇದೆ. ಆದರೆ ಇವಳು ಈ ವರ್ಷ ಸಿಯುಇಟಿಯ ಅರ್ಜಿಯನ್ನೇ ಹಾಕಿಲ್ಲ. ಹಾಕಬೇಕು ಅಂತ ಯಾರೂ ಹೇಳಿಲ್ಲ.

ಆರ್ಟ್ಸ್ ಮಾಡಿದವರಿಗೆ ಕಾಲ ಮೀರಿದೆಯಾ? ಇಲ್ಲ. ಎನ್‌ಐಒಎಸ್ ಅನ್ನೋ ಕೇಂದ್ರದ ಮುಕ್ತ ಶಾಲೆಯಲ್ಲಿ ಹನ್ನೆರಡನೇ ತರಗತಿಯ ಗಣಿತ ಒಂದನ್ನೇ ಕಟ್ಟಿ ಪಾಸಾಗಬಹುದು. ಮುಂದೆ ಅರ್ಜಿ ಹಾಕುವ ಸಂಸ್ಥೆ ಅದನ್ನು ಒಪ್ಪುತ್ತದಾ ಅಂತ ಮೊದಲೇ ನೋಡಿಕೊಳ್ಳಿ. ಡಿಗ್ರಿಯಲ್ಲಿ ಸ್ಟ್ಯಾಟಿಸ್ಟಿಕ್ಸ್ ಸಿಕ್ಕರೆ ಬಿಡಬೇಡಿ. ಸ್ವಯಂ, ಎನ್‌ಪಿಟೆಲ್ ವೆಬ್‌ಸೈಟಿನಲ್ಲಿ ಪಾಠ ಫ್ರೀ ಇದೆ. ಇನ್ನೂ ಪಿಯುಸಿಗೆ ಸೇರಬೇಕಾದ ಮಕ್ಕಳಿದ್ದರೆ, ಕಾಮರ್ಸ್‌ನಲ್ಲಿ ಎಕನಾಮಿಕ್ಸ್ ಜೊತೆಗೇ ಬೇಸಿಕ್ ಮ್ಯಾಥ್ಸ್ ಅಥವಾ ಸ್ಟ್ಯಾಟಿಸ್ಟಿಕ್ಸ್ ಬರುತ್ತದೆ, ಅದನ್ನೂ ಯೋಚಿಸಿ.

"ಅಷ್ಟು ಓದಿ ಹೊಟ್ಟಿಗೇನು?" ಅಂತ ಭಾವ ಕೇಳದೆ ಬಿಡಲಿಲ್ಲ. ತಪ್ಪಿಲ್ಲ, ಒಣ ಬೇಸಾಯದ ಮನೆ. ಯುಜಿಸಿಯ ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ (ಸಂಶೋಧನೆ ಮಾಡುವವರ ಫೆಲೋಶಿಪ್) ಬಂದರೆ ಪಿಎಚ್‌ಡಿ ಮಾಡುವಾಗ ತಿಂಗಳಿಗೆ 37,000 ರೂ. ಬರುತ್ತದೆ. ಕೇಂದ್ರ ಸರ್ಕಾರದ ಇಂಡಿಯನ್ ಎಕನಾಮಿಕ್ ಸರ್ವಿಸ್ ಪರೀಕ್ಷೆ ಬರೆಯೋಕೆ ಎಕನಾಮಿಕ್ಸ್‌ನಲ್ಲಿ ಪಿಜಿ ಇರಲೇಬೇಕು. ಬೆಂಗಳೂರಿನ ನಾಗರಬಾವಿಯಲ್ಲಿ ವಿ.ಕೆ.ಆರ್.ವಿ. ರಾವ್ 1972ರಲ್ಲಿ ಕಟ್ಟಿದ ಐಸೆಕ್ ಅನ್ನೋ ಸಂಶೋಧನಾ ಸಂಸ್ಥೆ ಇದೆ, ಪಿಎಚ್‌ಡಿಗೆ ರಾಜ್ಯ ಬಿಟ್ಟು ಹೋಗಬೇಕು ಅಂತೇನೂ ಇಲ್ಲ. ಭಾವನಿಗೆ 37,000 ಮಾತ್ರ ಕೇಳಿಸಿತು ಅನಿಸುತ್ತದೆ. ಎರಡು ಸಲ ಹೇಳಿಸಿಕೊಂಡರು.

ಅಕ್ಕ ಇಷ್ಟೂ ಹೊತ್ತು ಸುಮ್ಮನಿದ್ದವಳು ಹೊರಡುವಾಗ ಒಂದೇ ಪ್ರಶ್ನೆ ಕೇಳಿದಳು. ನನ್ನಲ್ಲಿ ಉತ್ತರ ಇಲ್ಲ, ನಿಮ್ಮನ್ನು ಕೇಳುತ್ತಿದ್ದೇನೆ. ಕಲಬುರಗಿ, ಬೀದರ್, ಯಾದಗಿರಿಯ ಯಾವ ಡಿಗ್ರಿ ಕಾಲೇಜಿನಲ್ಲಿ ಎಕನಾಮಿಕ್ಸ್ ಜೊತೆ ಗಣಿತ ಅಥವಾ ಸ್ಟ್ಯಾಟಿಸ್ಟಿಕ್ಸ್ ಇದೆ? ಪ್ರಾಸ್ಪೆಕ್ಟಸ್‌ನಲ್ಲಿ ಇದ್ದರೆ ಸಾಲದು, ಪಾಠ ಮಾಡೋಕೆ ಲೆಕ್ಚರರ್ ಇರಬೇಕು. ಹತ್ತಿರ ಹೆಣ್ಣುಮಕ್ಕಳ ಹಾಸ್ಟೆಲ್ ಇದ್ದರೆ ಅದನ್ನೂ ಬರೆಯಿರಿ. ಅಡ್ಮಿಷನ್ ಈ ವಾರವೇ ಮಾಡಿಸಬೇಕಂತೆ.