ಕೊನೆಗೂ ಕೋಲಾರಕ್ಕೆ ಕೋಚ್ ಬಂತು!

ಡೂಂಲೈಟ್ ಸರ್ಕಲ್‌ನಲ್ಲಿ ಕಟ್ಟಿರುವ ಆ ಫ್ಲೆಕ್ಸ್ ನೀವೂ ನೋಡಿರುತ್ತೀರಿ. ನೋಡದೆ ಇರೋಕೆ ಆಗಲ್ಲ, ಎದುರಿಗೆ ಬರುವ ಬಸ್ಸೇ ಕಾಣದ ಹಾಗೆ ಕಟ್ಟಿದ್ದಾರೆ. ಕೋಟು ಹಾಕಿ, ಕೈ ಕಟ್ಟಿ, ಸ್ವಲ್ಪ ಪಕ್ಕಕ್ಕೆ ತಿರುಗಿ ನಿಂತ ಒಬ್ಬ ಮಹಾಶಯರು. ಕೆಳಗೆ ದಪ್ಪ ಅಕ್ಷರ: 'ಸರಿಯಾದ ಬಿಸಿನೆಸ್ ಕೋಚ್ ಆರಿಸಿಕೊಳ್ಳುವುದು ಹೇಗೆ? ಮೂರು ಗಂಟೆ, ಬರೀ 99 ರೂಪಾಯಿ!' ಬಿಸಿನೆಸ್ ಕೋಚ್ ಅಂದ್ರೆ ವ್ಯಾಪಾರ ಬೆಳೆಸೋದು ಹೇಗೆ ಅಂತ ದುಡ್ಡು ತಗೊಂಡು ಹೇಳಿಕೊಡುವವರು. ಇಲ್ಲಿ ಕಲಿಸುವವರು ಯಾರು? ಒಬ್ಬ ಬಿಸಿನೆಸ್ ಕೋಚ್. ಒಳ್ಳೆ ಗಂಡು ಹುಡುಕೋದು ಹೇಗೆ ಅಂತ ಹೆಣ್ಣಿನ ಮನೆಯವರಿಗೆ ಮದುಮಗನೇ ಪಾಠ ಹೇಳಿ, ಕೊನೆಗೆ ಜೇಬಿನಿಂದ ತಾಳಿ ತೆಗೆದ ಹಾಗೆ.

ನಾನೂ ಹೋಗಿದ್ದೆ. ಮೂರು ಗಂಟೆ ಎಸಿ ಆದ್ರೂ ಸಿಗುತ್ತಲ್ಲ ಅಂತ.

ಕೋಚ್ ಅಂದ್ರೆ ನಮ್ಮ ಜಿಲ್ಲೆಯವರ ಕಿವಿ ನಿಮಿರುತ್ತೆ, ಅದು ಹಳೇ ಕಾಯಿಲೆ. ಶ್ರೀನಿವಾಸಪುರಕ್ಕೆ ರೈಲ್ವೆ ಕೋಚ್ ಫ್ಯಾಕ್ಟರಿ ಬರುತ್ತೆ ಅಂತ ಹೇಳಿ ಹತ್ತು ವರ್ಷದ ಮೇಲಾಯ್ತು. ಚುನಾವಣೆ ಬಂದಾಗ ಅದು ಇನ್ನೇನು ಬಂದೇಬಿಡ್ತು ಅನ್ನುವಷ್ಟು ಹತ್ತಿರ ಬರುತ್ತೆ, ಫಲಿತಾಂಶ ಬಂದಮೇಲೆ ಸದ್ದಿಲ್ಲದೆ ಶೆಡ್ಡಿಗೆ ಹೋಗುತ್ತೆ. 2001ರಲ್ಲಿ ಕೆಜಿಎಫ್‌ನ ಚಿನ್ನದ ಗಣಿ ಮುಚ್ಚಿತಲ್ಲ, ಅವತ್ತಿನಿಂದ ಬೆಳಗಿನ ಜಾವ ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ದುಡಿಯೋಕೆ ಹೋಗುವ ಜನಕ್ಕೆ ಸಿಕ್ಕಿರುವ ಕೋಚ್ ಅದೊಂದೇ. ಅದರಲ್ಲೂ ಸೀಟು ಸಿಗಲ್ಲ, ನಿಂತೇ ಹೋಗಬೇಕು.

ಕೆ.ಸಿ. ವ್ಯಾಲಿ ನೀರಿನ ಕಥೆ ನಿಮಗೆ ಗೊತ್ತಲ್ಲ. ಬೆಂಗಳೂರು ಬಳಸಿ ಬಿಟ್ಟ ನೀರನ್ನು ಎರಡು ಹಂತ ಶುದ್ಧ ಮಾಡಿ 2018ರಿಂದ ನಮ್ಮ ಕೆರೆಗಳಿಗೆ ಹರಿಸುತ್ತಿದ್ದಾರೆ. ಮೂರನೇ ಹಂತನೂ ಮಾಡಿ ಸ್ವಾಮಿ ಅಂತ ನಾವು ಕೇಳ್ತಾನೇ ಇದ್ದೇವೆ. ಈಗ ಬರುತ್ತಿರುವ ಕೋಚ್‌ಗಳಿಗೆ ಒಂದು ಹಂತನೂ ಇಲ್ಲ. ಬೆಂಗಳೂರಲ್ಲಿ ಹಾಲ್ ತುಂಬಲಿಲ್ವಾ, ನೇರ ಪೈಪ್‌ಲೈನು.

ನಮ್ಮ ಬೀದಿ ಚಿಲ್ಲರೆ ಅಂಗಡಿಯ ತಕ್ಕಡಿಗೆ ಕಾಲಕಾಲಕ್ಕೆ ತೂಕ ಮತ್ತು ಅಳತೆ ಇಲಾಖೆಯ ಮುದ್ರೆ ಬೇಕು. ಪಾನಿಪುರಿ ಗಾಡಿಯವನೂ ನೋಂದಣಿ ಮಾಡಿಸಬೇಕು. ಕೋಚ್ ಆಗೋಕೆ ಒಂದು ಕೋಟು, ಒಂದು ಕಾಲರ್ ಮೈಕು ಸಾಕು. ಹಾಗಂತ ಈ ಕಸುಬಿಗೆ ಲೆಕ್ಕವೇ ಇಲ್ಲ ಅಂತಲ್ಲ. ಇಂಟರ್‌ನ್ಯಾಷನಲ್ ಕೋಚಿಂಗ್ ಫೆಡರೇಷನ್ ಅಂತ 1995ರಿಂದ ಒಂದು ಸಂಸ್ಥೆ ಇದೆ. ಅವರ ಮೊದಲ ದರ್ಜೆಯ ಸರ್ಟಿಫಿಕೇಟ್‌ಗೇ 100 ಗಂಟೆ ಕೋಚಿಂಗ್ ಮಾಡಿದ ಲೆಕ್ಕ ಕೊಡಬೇಕು, ಎಲ್ಲಕ್ಕಿಂತ ಮೇಲಿನ ದರ್ಜೆಗೆ 2,500 ಗಂಟೆ. ಆದ್ರೆ ಅದನ್ನು ತಗೊಳ್ಳಲೇಬೇಕು ಅಂತ ಯಾವ ಕಾನೂನೂ ಇಲ್ಲ. ಟೀ ಬ್ರೇಕಿನಲ್ಲಿ ನಮ್ಮ ಕೋಚ್ ಸಾಹೇಬರನ್ನು ಕೇಳಿದೆ, 'ನಿಮ್ಮದು ಎಷ್ಟು ಗಂಟೆ ಸಾರ್?' ಅವರು ವಾಚ್ ನೋಡಿಕೊಂಡು 'ಹನ್ನೊಂದೂವರೆ' ಅಂದರು.

ಹಾಲ್‌ನಲ್ಲಿ ನನ್ನ ಪಕ್ಕ ಕೂತಿದ್ದವರು ಎಪಿಎಂಸಿಯ ಟೊಮೆಟೊ ಮಂಡಿ ಯಜಮಾನರು. ಮಗ ಬಲವಂತವಾಗಿ ಕರ್ಕೊಂಡು ಬಂದಿದ್ದ. 'ಎಲ್ಲರೂ ಎದ್ದು ಪಕ್ಕದವರಿಗೆ ಹೈ-ಫೈವ್ ಕೊಡಿ' ಅಂದಾಗ ಅವರು ನನಗೆ ಕೈ ಮುಗಿದರು. ಆಮೇಲೆ ಕೋಚ್ ಕೂಗಿದರು: 'ನಿಮ್ಮ ಮಾಲಿನ ಬೆಲೆ ನೀವು ಕಟ್ಟಬೇಕು! ಮಾರ್ಕೆಟ್ ಅಲ್ಲ!' ಯಜಮಾನರಿಗೆ ನಗು ತಡೆಯೋಕೆ ಆಗಲಿಲ್ಲ, ಕೆಮ್ಮಿದ ಹಾಗೆ ಮಾಡಿದರು. 2023ರ ಜುಲೈನಲ್ಲಿ 15 ಕೆಜಿ ಬಾಕ್ಸು 2000 ರೂಪಾಯಿ ದಾಟಿದಾಗ ರಾತ್ರಿಯೆಲ್ಲ ತೋಟಕ್ಕೆ ಕಾವಲು ಕೂತ ಊರಿದು. ಕೀಳುವ ಕೂಲಿನೂ ಹುಟ್ಟದೆ ಅದೇ ಹಣ್ಣನ್ನು ರಸ್ತೆ ಬದಿಗೆ ಸುರಿದ ಊರೂ ಇದೇ. ಅವತ್ತು ಟೊಮೆಟೊಗೆ ಮೈಂಡ್‌ಸೆಟ್ ಸರಿ ಇರಲಿಲ್ಲ ಅಂತ ಕಾಣುತ್ತೆ.

ಸರಿ, ಕೋಚ್ ಆರಿಸೋದು ಹೇಗೆ? ಒಳ್ಳೆ ಕೋಚ್‌ಗೆ ತನಗೂ ಒಬ್ಬ ಕೋಚ್ ಇರಬೇಕಂತೆ. ಆ ಕೋಚ್‌ಗೆ ಇನ್ನೊಬ್ಬ. ಹೀಗೆ ಮೇಲೆ ಹೋಗ್ತಾ ಹೋಗ್ತಾ ಯಾರೋ ಒಬ್ಬ ಪುಣ್ಯಾತ್ಮ ಯಾವತ್ತೋ ಏನೋ ಒಂದು ಸಾಮಾನು ನಿಜವಾಗಿ ಮಾರಿರಬೇಕಲ್ವಾ, ಸೋಪೋ, ಕಡಲೆಕಾಯೋ? ಅವರು ಯಾರು ಅಂತ ಮಾತ್ರ ಹೇಳಲಿಲ್ಲ. 99 ಮುಗಿದಮೇಲೆ 4,999ರ ಕೋರ್ಸು. ಅದರ ಮೇಲೆ 'ಇನ್ನರ್ ಸರ್ಕಲ್', ಒಂದು ಲಕ್ಷ, ಜೊತೆಗೆ 18 ಪರ್ಸೆಂಟ್ ಜಿಎಸ್‌ಟಿ. ಮಧ್ಯಾಹ್ನ ಎರಡರ ಒಳಗೆ ಕಟ್ಟಿದರೆ ಅರ್ಧ ಬೆಲೆ. ಇಎಂಐ ಉಂಟು.

ನಮ್ಮ ಬೀದಿಯಲ್ಲಿ ಬ್ಲೌಸ್ ಹೊಲಿಯುವ ಹೆಣ್ಣುಮಗಳು ಒಬ್ಬಳಿದ್ದಾಳೆ. ಹೋದ ವರ್ಷ ಇಂಥದ್ದೇ ಇನ್ನೊಬ್ಬ ಕೋಚ್‌ಗೆ 45,000 ಕಟ್ಟಿದಳು, ಸಂಘದಲ್ಲಿ ಸಾಲ ಮಾಡಿ. ಸಿಕ್ಕಿದ್ದು ಒಂದು ವಾಟ್ಸಾಪ್ ಗ್ರೂಪು, ನಾಲ್ಕು ಪಿಡಿಎಫ್ಫು. ಮೂರು ತಿಂಗಳಾದಮೇಲೆ ದುಡ್ಡು ವಾಪಸ್ ಕೇಳಿದ್ದಕ್ಕೆ 'ನಿಮ್ಮದು ಬಡತನದ ಯೋಚನೆ' ಅಂತ ಮೆಸೇಜ್ ಹಾಕಿ ಗ್ರೂಪಿಂದ ತೆಗೆದರು. ಲಾಭ ಬಂದರೆ ಕೋಚ್‌ನ ಕೈಗುಣ, ಬರದಿದ್ದರೆ ಆಯಮ್ಮನ ತಲೆ ಸರಿ ಇಲ್ಲ. ಇದಕ್ಕೆ ಮೋಸ ಅನ್ನದೆ ಇನ್ನೇನು ಅನ್ನಬೇಕು ನನಗೆ ಗೊತ್ತಿಲ್ಲ. ಬರೆದು ಬರೆದು ಸಾಕಾಗಿದೆ. ಗ್ರಾಹಕರ ಸಹಾಯವಾಣಿ ಇದೆ, 1915ಕ್ಕೆ ಫೋನ್ ಮಾಡಮ್ಮ ಅಂದೆ. 'ಮದುವೆ ಸೀಸನ್ನು ಅಣ್ಣಾ, ಇಪ್ಪತ್ತು ಬ್ಲೌಸ್ ಕೊಡಬೇಕು, ವಾರ ವಾರ ಕಂತು ಬೇರೆ. ಆಮೇಲೆ ನೋಡೋಣ ಬಿಡಿ' ಅಂದಳು.

ಕಾರ್ಯಾಗಾರ ಮುಗಿದು ಹೊರಗೆ ಬಂದಾಗ ಯಜಮಾನರು ಚಪ್ಪಲಿ ಹಾಕಿಕೊಳ್ಳುತ್ತಾ ಹೇಳಿದರು, 'ಮೇಲಿನ ಸಾಲಲ್ಲಿ ದಪ್ಪ ಹಣ್ಣು ಜೋಡಿಸಿದ ಬಾಕ್ಸು ಇದು. ನಮ್ಮ ಮಂಡಿಯಲ್ಲಾಗಿದ್ರೆ ಪೂರ್ತಿ ಸುರಿದು ತೋರಿಸಪ್ಪಾ ಅಂತಿದ್ದೆ.'

ಅಷ್ಟರಲ್ಲಿ ಮಗ ಒಳಗಿನಿಂದ ಓಡಿ ಬಂದ. 'ಅಪ್ಪಾ, ಬೇಗ ಕಾರ್ಡ್ ಕೊಡು. ಎರಡು ಗಂಟೆ ಒಳಗೆ ಅಂತೆ.'